ಜಾಲಹಳ್ಳಿಯಿಂದ ಹೊರಟ ಪೆಟ್ಟಿಗೆ

1/8

ಗ್ಯಾಲರಿ ಕ್ಲೀನ್ ಮಾಡ್ತಾ ಇದ್ದಾಗ ಸಿಕ್ಕಿದ ಫೋಟೋ ಇದು. 2024ರ ಏಪ್ರಿಲ್ 26, ಯಲಹಂಕ. ಎಡಗೈ ತೋರುಬೆರಳು, ಉಗುರಿನ ಮೇಲೆ ಕಪ್ಪು ಗೀಟು, ಹಿಂದೆ ಅರ್ಧ ಮಾತ್ರ ಕಾಣೋ ನನ್ನ ಬೆವರು ಮುಖ. ನಿಮ್ಮ ಫೋನಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ.

ಆ ಶಾಯಿ ಮೈಸೂರಿನದ್ದು ಅನ್ನೋದು ಕ್ವಿಜ್‌ಗೆ ಓದಿದವರಿಗೆಲ್ಲ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಬಣ್ಣ ಹಚ್ತಾ ಇದೆ. ಆದರೆ ಶಾಯಿ ಹಚ್ಚಿಸಿಕೊಂಡು ಮುಂದೆ ಹೋಗಿ ಗುಂಡಿ ಒತ್ತಿದ್ವಲ್ಲ, ಆ ಪೆಟ್ಟಿಗೆ ಎಲ್ಲಿಂದ ಬಂತು? ದೇಶದಲ್ಲಿ ಅದನ್ನ ಮಾಡೋದು ಎರಡೇ ಕಂಪನಿ, ಎರಡೂ ಸರ್ಕಾರದ್ದೇ. ಒಂದು ಹೈದರಾಬಾದಿನ ಇಸಿಐಎಲ್. ಇನ್ನೊಂದು, ಹೆಬ್ಬಾಳದಿಂದ ಗೊರಗುಂಟೆಪಾಳ್ಯದ ಕಡೆ ಹೋಗುವಾಗ ನಾವು ದಿನಾ ಸಿಗ್ನಲ್‌ನಲ್ಲಿ ಬೈಕೊಂಡು ನಿಲ್ತೀವಲ್ಲ, ಆ ಸರ್ಕಲ್‌ಗೆ ಹೆಸರು ಕೊಟ್ಟ ಬಿಇಎಲ್.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಶಿಫಾರಸು ಮಾಡ್ತು: ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಇವಿಎಂ ಬೇಡ, ಮತಪತ್ರ ಇರಲಿ ಅಂತ. ಯಂತ್ರ ತಯಾರಾಗೋ ಊರಲ್ಲೇ ಕಾಗದಕ್ಕೆ ವಾಪಸ್ ಹೋಗೋ ಮಾತು. ಕ್ಲಾಸ್ ಗ್ರೂಪ್‌ನಲ್ಲಿ ಎರಡು ದಿನ ಜಗಳ ಆಯ್ತು. ಜಗಳ ಆಡಿದ ನಮ್ಮಲ್ಲಿ ಒಬ್ಬರೂ ಮತಪತ್ರಾನ ಕೈಯಲ್ಲಿ ಹಿಡಿದವರಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

2/8

1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿ 21ರವರೆಗೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು ನಾಲ್ಕು ತಿಂಗಳು. ಮತದಾರರು 17 ಕೋಟಿಗೂ ಹೆಚ್ಚು, ಅವರಲ್ಲಿ ಹೆಚ್ಚುಕಡಿಮೆ 85 ಪರ್ಸೆಂಟ್ ಜನಕ್ಕೆ ಓದೋಕೆ ಬರಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಮುಂದಿದ್ದ ಲೆಕ್ಕ ಇದು. ಹೆಸರು ಓದಲಾಗದವರು ಓಟು ಹಾಕೋದು ಹೇಗೆ?

ಉತ್ತರ: ಚಿಹ್ನೆ. ಅಷ್ಟೇ ಅಲ್ಲ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬ. ಹೌದು, ಮರೆಯಲ್ಲಿ ಸಾಲಾಗಿ ಡಬ್ಬಗಳು, ಪ್ರತಿಯೊಂದರ ಮೇಲೆ ಒಂದು ಚಿಹ್ನೆ ಅಂಟಿಸಿದ ಚೀಟಿ. ಕಾಂಗ್ರೆಸ್‌ದು ಆಗ ಕೈ ಅಲ್ಲ, ನೊಗ ಹೊತ್ತ ಜೋಡೆತ್ತು. ಕೊಟ್ಟ ಕಾಗದದ ಮೇಲೆ ಏನೂ ಗುರುತು ಮಾಡೋ ಹಾಗಿಲ್ಲ, ನಿಮಗೆ ಬೇಕಾದವರ ಡಬ್ಬಕ್ಕೆ ಹಾಕಿ ಬಂದರಾಯ್ತು. ಇದಕ್ಕೋಸ್ಕರ 20 ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆ ಮಾಡಿಸಿದ್ರು, 8,200 ಟನ್ ಉಕ್ಕು ಹೋಯ್ತು.

ಓದೋಕೆ ಬಾರದವರಿಗೆ ಇದಕ್ಕಿಂತ ಸುಲಭ ಇನ್ನೇನಿದೆ ಅನ್ಸುತ್ತೆ ಅಲ್ವಾ? ಆದರೆ ಈ ಪದ್ಧತಿಯಲ್ಲಿ ಒಂದು ತೂತಿತ್ತು. ಮರೆಯೊಳಗೆ ಹೋದವನು ಕಾಗದಾನ ಡಬ್ಬಕ್ಕೆ ಹಾಕದೇ ಜೇಬಿಗಿಳಿಸಿ ಹೊರಗೆ ತರಬಹುದಿತ್ತು. ಗುರುತೇ ಇಲ್ಲದ ಖಾಲಿ ಮತಪತ್ರ. ಹೊರಗೆ ಅದಕ್ಕೆ ಬೆಲೆ ಇತ್ತು. ಕೊಂಡವನು ಅಂಥ ನಾಲ್ಕಾರು ಕಾಗದ ಸೇರಿಸಿ ಇನ್ನೊಬ್ಬನ ಕೈಲಿ ಒಂದೇ ಡಬ್ಬಕ್ಕೆ ಹಾಕಿಸಿದರೆ ಕಥೆ ಮುಗೀತು.

ಅದಕ್ಕೇ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಮತಪತ್ರದಲ್ಲಿ ಅಚ್ಚು ಹಾಕಿ, ಮುದ್ರೆ ಒತ್ತಿಸಿ, ಒಂದೇ ಡಬ್ಬಕ್ಕೆ ಹಾಕಿಸೋ ಪದ್ಧತಿ ಬಂತು. ದೇಶದ ತುಂಬ ಅದು ನಡೆದದ್ದು 1962ರಲ್ಲಿ, ಮೈಸೂರಿನ ಶಾಯಿ ಬಂದ ಅದೇ ವರ್ಷ.

ಆ ಮೊದಲ ಚುನಾವಣೆಯ ಇನ್ನೊಂದು ಸಂಗತಿ ಇದೆ, ಅದನ್ನ ಕೊನೆಗೆ ಇಟ್ಕೊಂಡಿದೀನಿ. ಡಬ್ಬಕ್ಕೆ ಸಂಬಂಧಪಟ್ಟದ್ದಲ್ಲ, ಪಟ್ಟಿಗೆ ಸಂಬಂಧಪಟ್ಟದ್ದು.

3/8

ನಮ್ಮಜ್ಜಿಗೆ ಮುದ್ರೆ ಅಂದ್ರೆ ಈಗಲೂ ಇಷ್ಟ. "ಒತ್ತಿದ್ದು ಕಣ್ಣಿಗೆ ಕಾಣ್ತಿತ್ತು ಕಣೋ, ಈಗಿಂದು ಕುಂಯ್ ಅನ್ನುತ್ತೆ ಅಷ್ಟೇ" ಅಂತಾರೆ. ಜೊತೆಗೇ ಇನ್ನೊಂದು ಮಾತೂ ಹೇಳ್ತಾರೆ: ಒಂದ್ಸಲ ಕಾಗದ ಅಡ್ಡಾದಿಡ್ಡಿ ಮಡಚಿ, ಹಸಿ ಮುದ್ರೆ ಇನ್ನೊಂದು ಚಿಹ್ನೆ ಮೇಲೂ ಮೂಡಿಬಿಡ್ತಂತೆ. ಎಣಿಸೋರು ಅದನ್ನ ಏನು ಮಾಡಿದರೋ ದೇವರಿಗೇ ಗೊತ್ತು. ಎಣಿಕೆ ಮೇಜಿನ ಮೇಲೆ ಅರ್ಧ ಜಗಳ ಇಂಥ ಕಾಗದಗಳದ್ದೇ. ಫಲಿತಾಂಶಕ್ಕೆ ಎರಡು ಮೂರು ದಿನ ಕಾಯೋದು ಮಾಮೂಲಿ.

ಅದಕ್ಕಿಂತ ದೊಡ್ಡ ರೋಗ ಬೂತ್ ವಶಪಡಿಸಿಕೊಳ್ಳೋದು. ಹತ್ತು ಜನ ನುಗ್ಗಿ, ಕಟ್ಟುಗಟ್ಟಲೆ ಮತಪತ್ರ ಕಿತ್ಕೊಂಡು, ಟಪಟಪ ಮುದ್ರೆ ಒತ್ತಿ ಡಬ್ಬಕ್ಕೆ ತುರುಕಿದರೆ ಅರ್ಧ ಗಂಟೆ ಸಾಕಾಗ್ತಿತ್ತು. ಬಿಹಾರ, ಉತ್ತರ ಪ್ರದೇಶದ ಕಥೆಗಳೇ ಹೆಚ್ಚು ಕೇಳಿರ್ತೀವಿ. ಕಾಗದ ಒಳ್ಳೇದು ಅನ್ನೋರು ಇದನ್ನ ಮರೀಬಾರದು.

ಇನ್ನು ಕಾಗದದ ಚುನಾವಣೆ ಎಲ್ಲಿವರೆಗೆ ಹೋಗಬಹುದು ಅಂತ ತೋರಿಸಿದ್ದು ನಮ್ಮದೇ ಬೆಳಗಾವಿ. 1996ರ ಲೋಕಸಭಾ ಚುನಾವಣೆಯಲ್ಲಿ ಆ ಒಂದು ಕ್ಷೇತ್ರಕ್ಕೆ 456 ಅಭ್ಯರ್ಥಿಗಳು! ಗಡಿ ವಿವಾದದ ಪ್ರತಿಭಟನೆ ಅಂತ ಮಹಾರಾಷ್ಟ್ರ ಏಕೀಕರಣ ಸಮಿತಿ ಕಡೆಯವರು ಸಾಲುಸಾಲಾಗಿ ನಾಮಪತ್ರ ಹಾಕಿದ್ರು. ಠೇವಣಿ ಆಗ ಬರೀ 500 ರೂಪಾಯಿ. ಮತಪತ್ರ ಪುಸ್ತಕ ಆಗಬೇಕಾಯ್ತು, ಮತದಾನ ಮುಂದಕ್ಕೆ ಹೋಯ್ತು. ಅದೇ ವರ್ಷ ಲೋಕಸಭೆಯ ಠೇವಣಿಯನ್ನ 10,000ಕ್ಕೆ ಏರಿಸಿದ್ರು, ಈಗ 25,000 ಇದೆ. ಇವತ್ತಿನ ಹೊಸ ಇವಿಎಂಗೂ ಬೆಳಗಾವಿಯ ಆ ಪಟ್ಟಿ ಹಿಡಿಸಲ್ಲ ಗೊತ್ತಾ? ಒಂದು ಬ್ಯಾಲೆಟ್ ಯೂನಿಟ್‌ಗೆ 16 ಗುಂಡಿ, ಜೋಡಿಸಬಹುದಾದದ್ದು 24 ಯೂನಿಟ್. ಗುಣಿಸಿ ನೋಡಿ.

4/8

ಈಗ ಜಾಲಹಳ್ಳಿ.

ಎರಡನೇ ಮಹಾಯುದ್ಧದ ಟೈಮಲ್ಲಿ ಇಟಲಿಯ ಯುದ್ಧಕೈದಿಗಳನ್ನ ಇಟ್ಟಿದ್ದ ಜಾಗ. 1954ರಲ್ಲಿ ಸೈನ್ಯಕ್ಕೆ ರೇಡಿಯೋ ಉಪಕರಣ ಮಾಡೋಕೆ ಅಂತ, ಫ್ರಾನ್ಸಿನ ಸಿಎಸ್‌ಎಫ್ ಕಂಪನಿ ಜೊತೆ ಸೇರಿ ಕೇಂದ್ರ ಸರ್ಕಾರ ಇಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರು ಮಾಡ್ತು. ಪಕ್ಕದಲ್ಲೇ ಎಚ್ಎಂಟಿ. ಯಶವಂತಪುರ, ಮತ್ತಿಕೆರೆ, ವಿದ್ಯಾರಣ್ಯಪುರ ಬೆಳೆದದ್ದೇ ಈ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳ ಹಿಂದೆ. ನಿಮ್ಮಲ್ಲಿ ಎಷ್ಟೋ ಜನರ ತಾತ ಆ ಗೇಟಿನಲ್ಲಿ ಪಂಚಿಂಗ್ ಮಾಡಿದವರೇ.

ಯಂತ್ರದ ಓಟಿನ ಯೋಚನೆ ಚುನಾವಣಾ ಆಯೋಗದಲ್ಲಿ 1977ರಲ್ಲೇ ಬಂದಿತ್ತು. ಮೊದಲ ಮಾದರಿ ಮಾಡಿದ್ದು ಹೈದರಾಬಾದಿನವರು, 1979ರಲ್ಲಿ. 1980ರ ಆಗಸ್ಟ್ 6ರಂದು ಪಕ್ಷಗಳ ಪ್ರತಿನಿಧಿಗಳಿಗೆ ಅದನ್ನ ತೋರಿಸಿದ್ರು. 1981ರ ಜನವರಿಯಲ್ಲಿ ಬಿಇಎಲ್ ಕೂಡ "ನಾವೂ ಮಾಡ್ತೀವಿ" ಅಂತ ಆಯೋಗದ ಬಾಗಿಲು ತಟ್ಟಿತು.

ಬಿಇಎಲ್‌ನಲ್ಲಿ ಈ ಯಂತ್ರದ ವಿನ್ಯಾಸ, ತಯಾರಿಕೆ ನೋಡ್ಕೊಂಡ ಎಂಜಿನಿಯರ್ ಹೆಸರು ಎಸ್. ರಂಗರಾಜನ್. ಹಾಗಂದ್ರೆ ಯಾರಿಗೂ ಗೊತ್ತಾಗಲ್ಲ. ಆದರೆ ತಮಿಳು ಬಲ್ಲ ಫ್ರೆಂಡ್ ಹತ್ರ "ಸುಜಾತಾ" ಅನ್ನಿ, ಮುಖ ಅರಳುತ್ತೆ. ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡ್ಕೊಂಡು ತಮಿಳಿನಲ್ಲಿ ಪತ್ತೇದಾರಿ, ವಿಜ್ಞಾನ ಕಥೆ, ನಾಟಕ ಎಲ್ಲ ಬರೆದವರು. 'ರೋಜಾ' ತಮಿಳು ಸಿನಿಮಾದ ಸಂಭಾಷಣೆ ಅವರದ್ದೇ, ರಜನಿಯ 'ಎಂದಿರನ್' ಬರವಣಿಗೆಯಲ್ಲೂ ಅವರಿದ್ದಾರೆ. ತಿರುಚಿಯಲ್ಲಿ ಅಬ್ದುಲ್ ಕಲಾಂ ಜೊತೆ ಓದಿದವರು. ಹಗಲು ಜಾಲಹಳ್ಳಿಯಲ್ಲಿ ಓಟಿನ ಪೆಟ್ಟಿಗೆ, ಉಳಿದ ಹೊತ್ತು ಧಾರಾವಾಹಿ ಕಂತು. ಈ ಮನುಷ್ಯನ ಬಗ್ಗೆ ನಮ್ಮ ಕಡೆ ಯಾರೂ ಜಾಸ್ತಿ ಮಾತಾಡಲ್ಲ, ಅದೇ ನನಗೆ ಬೇಜಾರು. ಬೆಂಗಳೂರಲ್ಲೇ ಅಷ್ಟು ವರ್ಷ ಇದ್ದವರು ಸ್ವಾಮಿ!

5/8

ಇದು ನನ್ನ ಫೇವರಿಟ್ ಭಾಗ. ಕೇರಳದ ಪರವೂರು, 1982ರ ಮೇ 19, ವಿಧಾನಸಭಾ ಚುನಾವಣೆ. ಆ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮಾತ್ರ ಯಂತ್ರ, ಉಳಿದ ಕಡೆ ಕಾಗದ. ದೇಶದಲ್ಲಿ ಮೊದಲ ಸಲ.

ಸಿಪಿಐ ಅಭ್ಯರ್ಥಿ ಶಿವನ್ ಪಿಳ್ಳೆ ಮತದಾನಕ್ಕೆ ಮುಂಚೆ ಯಂತ್ರ ಬೇಡ ಅಂತ ಹೈಕೋರ್ಟಿಗೆ ಹೋದ್ರು. ಕೋರ್ಟು ಒಪ್ಪಲಿಲ್ಲ. ಮತದಾನ ನಡೀತು, ಗೆದ್ದದ್ದು ಯಾರು? ಅದೇ ಶಿವನ್ ಪಿಳ್ಳೆ, 123 ಓಟಿನಲ್ಲಿ! ಈಗ ಯಂತ್ರ ಬೇಡ ಅನ್ನೋ ಸರದಿ ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಅವರದ್ದು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದ್ರು.

1984ರ ಮಾರ್ಚ್ 5ರಂದು ತೀರ್ಪು ಬಂತು. ಯಂತ್ರ ಮೋಸ ಮಾಡ್ತು ಅಂತ ಅಲ್ಲ. ಕೋರ್ಟು ನೋಡಿದ್ದು ಕಾನೂನನ್ನ: ಜನಪ್ರತಿನಿಧಿ ಕಾಯ್ದೆ ಮತ್ತು ಅದರ ನಿಯಮಗಳು ಹೇಳೋದು ಮತಪತ್ರ, ಪೆಟ್ಟಿಗೆ ಅಂತ. ಕಾನೂನು ಕಾಗದ ಅಂದ ಕಡೆ ಆಯೋಗ ತನ್ನಷ್ಟಕ್ಕೆ ಯಂತ್ರ ತಂದಿಡೋ ಹಾಗಿಲ್ಲ, ಅದನ್ನ ಬದಲಿಸೋದು ಸಂಸತ್ತಿನ ಕೆಲಸ. 50 ಬೂತ್‌ಗಳಲ್ಲಿ ಕಾಗದದಲ್ಲಿ ಮರುಮತದಾನ ನಡೆದು ಜೋಸ್ ಗೆದ್ದರು.

ಈ ತೀರ್ಪು ನನಗೆ ಯಾಕೆ ಇಷ್ಟ ಅಂದ್ರೆ, ಯಂತ್ರ ಚೆನ್ನಾಗಿದೆಯಾ ಅನ್ನೋ ಪ್ರಶ್ನೆಗೂ, ಯಾರ ಅಪ್ಪಣೆ ಮೇಲೆ ತಂದಿರಿ ಅನ್ನೋ ಪ್ರಶ್ನೆಗೂ ಇರೋ ವ್ಯತ್ಯಾಸ ಇಲ್ಲಿ ಸ್ಪಷ್ಟ. ನಮ್ಮ ಗ್ರೂಪ್ ಜಗಳದಲ್ಲಿ ಎರಡನ್ನೂ ಕಲಸುಮೇಲೋಗರ ಮಾಡ್ಕೊಂಡಿದ್ವಿ. ಇನ್ನೊಂದು, ಗೆದ್ದವರಿಗೆ ಯಂತ್ರ ಸರಿ, ಸೋತವರಿಗೆ ಯಂತ್ರ ತಪ್ಪು ಅನ್ನೋ ಸಂಪ್ರದಾಯ ಹುಟ್ಟಿದ್ದೂ ಮೊದಲ ದಿನವೇ. ಆಮೇಲೆ ಇದರಿಂದ ತಪ್ಪಿಸಿಕೊಂಡ ದೊಡ್ಡ ಪಕ್ಷ ಯಾವುದೂ ಇಲ್ಲ.

6/8

1988ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆಗೆ 61ಎ ಸೇರಿಸ್ತು. ಯಂತ್ರಕ್ಕೆ ಕಾನೂನಿನ ಬಲ ಬಂತು. ಬಿಇಎಲ್ ಮತ್ತು ಇಸಿಐಎಲ್ ಸೇರಿ ಸುಮಾರು ಒಂದೂವರೆ ಲಕ್ಷ ಯಂತ್ರ ಮಾಡಿಕೊಟ್ಟವು. ಆದರೆ ಪಕ್ಷಗಳಿಗೆ ನಂಬಿಕೆ ಬರಲಿಲ್ಲ. ಯಂತ್ರಗಳು ವರ್ಷಗಟ್ಟಲೆ ಗೋಡೌನ್‌ನಲ್ಲಿ ಬಿದ್ದಿದ್ವು. ಹೊರಗೆ ಬಂದದ್ದು 1998ರ ನವೆಂಬರ್‌ನಲ್ಲಿ, ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ ಕೆಲವೇ ಕ್ಷೇತ್ರಗಳಿಗೆ.

1999ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಂಗಳೂರು ಉತ್ತರದ ಸರದಿ. ಕಾಂಗ್ರೆಸ್ಸಿನಿಂದ ರೈಲ್ವೆ ಮಂತ್ರಿ ಆಗಿದ್ದ ಸಿ.ಕೆ. ಜಾಫರ್ ಷರೀಫ್; ಎದುರಿಗೆ ಕಾರ್ಮಿಕ ನಾಯಕ, ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಮೈಕೇಲ್ ಫರ್ನಾಂಡಿಸ್. ಷರೀಫ್ ಗೆದ್ದರು. ಮೈಕೇಲ್ ಯಂತ್ರದ ಮೇಲೆ ಅನುಮಾನ ಎತ್ತಿ ಹೈಕೋರ್ಟಿಗೆ ತಕರಾರು ಹಾಕಿದ್ರು. 2004ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ತಳ್ಳಿಹಾಕಿ, ಈ ಯಂತ್ರ ದೇಶದ ಹೆಮ್ಮೆ ಅಂತ ಬರೀತು. ಇವಿಎಂ ಪರ ವಾದ ಮಾಡೋರು ಇವತ್ತಿಗೂ ಎತ್ತಿ ಹೇಳೋ ತೀರ್ಪು ಅದು, ನಮ್ಮ ಕ್ಷೇತ್ರದ್ದೇ.

ಕೆಲವೇ ತಿಂಗಳಲ್ಲಿ, 2004ರಲ್ಲಿ, ಎಲ್ಲ 543 ಲೋಕಸಭಾ ಕ್ಷೇತ್ರಗಳಲ್ಲೂ ಯಂತ್ರ. ಆಗ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫ್ ಸೋತರು. ಸೋಲಿಸಿದ್ದು ಬಿಜೆಪಿಯಿಂದ ನಿಂತ ನಿವೃತ್ತ ಪೊಲೀಸ್ ಅಧಿಕಾರಿ, ಮಿಜೋರಾಂ ಮೂಲದ ಎಚ್.ಟಿ. ಸಾಂಗ್ಲಿಯಾನ. ಹೌದು ಮಗಾ, ಶಂಕರ್‌ನಾಗ್ ಸಿನಿಮಾದ ಹೆಸರಿನ ಅದೇ ಸಾಂಗ್ಲಿಯಾನ. ಬದುಕಿರುವಾಗಲೇ ಹೆಸರಿನ ಮೇಲೆ ಸಿನಿಮಾ ಬಂದು, ಹದಿನೈದು ವರ್ಷ ಆದಮೇಲೂ ಆಟೋದವರ ಬಾಯಲ್ಲಿ ಆ ಹೆಸರು ಇತ್ತಲ್ಲ, ಪ್ರಚಾರಕ್ಕೆ ಅದಕ್ಕಿಂತ ಇನ್ನೇನು ಬೇಕು? 2008ರ ವಿಶ್ವಾಸಮತದಲ್ಲಿ ಅವರು ಪಕ್ಷದ ಮಾತು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಓಟು ಹಾಕಿ ಉಚ್ಚಾಟನೆ ಆದರು. ಅದು ಬೇರೆ ಕಥೆ, ಇನ್ನೊಂದ್ಸಲ ಬರೀತೀನಿ.

7/8

ಈಗ ಬೂತ್ ಒಳಗೆ ಬನ್ನಿ. ಮತದಾನ ಶುರುವಾಗೋಕೆ ಒಂದೂವರೆ ಗಂಟೆ ಮುಂಚೆ ಏಜೆಂಟರ ಎದುರು ಅಣಕು ಮತದಾನ ನಡೆಯುತ್ತೆ, ಕನಿಷ್ಠ 50 ಓಟು. ಯಂತ್ರದ ಲೆಕ್ಕ, ವಿವಿಪ್ಯಾಟ್ ಚೀಟಿಗಳ ಲೆಕ್ಕ ತಾಳೆ ಆದ ಮೇಲೆ ಎಲ್ಲ ಅಳಿಸಿ, ಸೊನ್ನೆ ತೋರಿಸಿ, ಕಾಗದದ ಸೀಲ್ ಮೇಲೆ ಏಜೆಂಟರ ಸಹಿ ಹಾಕಿಸಿಕೊಂಡು ಮುಚ್ಚುತ್ತಾರೆ. ಅಧಿಕಾರಿ ಕಂಟ್ರೋಲ್ ಯೂನಿಟ್‌ನಲ್ಲಿ ಒಂದು ಸಲ ಗುಂಡಿ ಒತ್ತಿದರೆ ನಿಮಗೆ ಒಂದೇ ಓಟು. ಚೀಟಿ 7 ಸೆಕೆಂಡ್ ಕಂಡು ಕೆಳಗೆ ಬೀಳುತ್ತೆ. ಗೂಂಡಾಗಳು ನುಗ್ಗಿದರೂ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಓಟು ಹಾಕೋಕಾಗಲ್ಲ. ಅಷ್ಟರಲ್ಲಿ ಅಧಿಕಾರಿ ಕ್ಲೋಸ್ ಒತ್ತಿಬಿಟ್ಟರೆ ಮುಗೀತು.

ಸಂಜೆ ಫಾರಂ 17ಸಿ ಅಂತ ಒಂದು ಕಾಗದ ಬರುತ್ತೆ. ಆ ಬೂತ್‌ನಲ್ಲಿ ಒಟ್ಟು ಎಷ್ಟು ಓಟು ಬಿತ್ತು ಅನ್ನೋ ಲೆಕ್ಕ, ಅದರ ಪ್ರತಿ ಪ್ರತಿ ಏಜೆಂಟರಿಗೂ. ಎಣಿಕೆ ದಿನ ಯಂತ್ರ ಬೇರೆ ಸಂಖ್ಯೆ ತೋರಿಸಿದರೆ ಹಿಡಿಯೋದು ಈ ಕಾಗದದಿಂದಲೇ. ಎಲೆಕ್ಟ್ರಾನಿಕ್ಸ್ ಎಷ್ಟೇ ಇರಲಿ, ಕಾವಲು ಕಾಯೋದು ಕೊನೆಗೂ ಬೆಳಗಿಂದ ಸಂಜೆವರೆಗೆ ಕುರ್ಚಿ ಬಿಡದೆ ಕೂತ ಒಬ್ಬ ಏಜೆಂಟ್. ಪ್ರತಿ ಬೂತ್‌ಗೂ ಅಂಥವರನ್ನ ಕೂರಿಸೋ ಶಕ್ತಿ ದೊಡ್ಡ ಪಕ್ಷಗಳಿಗೆ ಮಾತ್ರ ಇರುತ್ತೆ ಅನ್ನೋದು ನಿಜವಾದ ಸಮಸ್ಯೆ, ಅದರ ಬಗ್ಗೆ ಯಾರೂ ರೀಲ್ಸ್ ಮಾಡಲ್ಲ.

ಅನುಮಾನ ಪಡೋರ ಮಾತಲ್ಲೂ ಹುರುಳಿಲ್ಲದೆ ಇಲ್ಲ. 2009ರಲ್ಲಿ ಜರ್ಮನಿಯ ಸಾಂವಿಧಾನಿಕ ಕೋರ್ಟ್, ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯನೂ ಎಣಿಕೆಯನ್ನ ತಾನೇ ಪರೀಕ್ಷಿಸೋಕೆ ಆಗಬೇಕು ಅಂತ ಹೇಳಿ ಅಲ್ಲಿನ ಓಟಿನ ಯಂತ್ರಗಳನ್ನ ನಿಲ್ಲಿಸ್ತು. ನಮ್ಮಜ್ಜಿ ಹೇಳೋದೂ ಅದೇ ತಾನೆ? ವಿವಿಪ್ಯಾಟ್ ಬಂದದ್ದು ಈ ಕೊರತೆ ತುಂಬೋಕೆ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ 5 ಬೂತ್‌ಗಳ ಚೀಟಿಗಳನ್ನ ಎಣಿಸಿ ತಾಳೆ ನೋಡ್ತಾರೆ. ಎಲ್ಲ ಚೀಟಿನೂ ಎಣಿಸಿ ಅನ್ನೋ ಅರ್ಜಿಯನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ನಾವು ಯಲಹಂಕದಲ್ಲಿ ಬೆರಳಿನ ಫೋಟೋ ತೆಗೀತಿದ್ದ ಅದೇ ದಿನ.

ನನ್ನ ನಿಲುವು ಕೇಳಿದ್ರೆ: ಯಂತ್ರ ಇರಲಿ, ಚೀಟಿ ಇನ್ನಷ್ಟು ಎಣಿಸಲಿ. ಇಡೀ ಬೆಂಗಳೂರು ಮತ್ತೆ ಮುದ್ರೆ ಒತ್ತಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಕಾಮೆಂಟಲ್ಲಿ ಬೈಯಿರಿ.

8/8

ಕೊನೆಗೆ ಇಟ್ಕೊಂಡಿದ್ದ ಸಂಗತಿ. 1952ರ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಹೊಡೆದುಹಾಕಿದ್ರು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ. ಕಾರಣ, ಅವರು ಪರರಿಗೆ ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ಮಗಳು" ಅಂತ ಬರೆಸಿದ್ದರು. ಸೇನ್ ಅವರು ಹೆಸರಿಲ್ಲದಿದ್ದರೆ ಆಗಲ್ಲ ಅಂದ್ರು. ಡಬ್ಬ ಗಟ್ಟಿ ಉಕ್ಕಿನದ್ದೇ ಇತ್ತು. ಆ 28 ಲಕ್ಷ ಓಟು ಕಳೆದುಹೋದದ್ದು ಡಬ್ಬದ ಹತ್ತಿರ ಬರೋಕೆ ಎಷ್ಟೋ ಮುಂಚೆ.

2018ರ ಮೇ 8, ಮತ್ತೆ ಜಾಲಹಳ್ಳಿ. ಬಿಇಎಲ್ ಇರೋ ಅದೇ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟ್ ಫ್ಲಾಟ್‌ನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ವೋಟರ್ ಐಡಿ ಕಾರ್ಡ್ ಸಿಕ್ಕವು. ವಿಧಾನಸಭಾ ಮತದಾನಕ್ಕೆ ನಾಲ್ಕೇ ದಿನ ಇತ್ತು. ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನ ಆಯೋಗ ಮೇ 12ರಿಂದ 28ಕ್ಕೆ ಮುಂದೂಡಿತು. ಇಡೀ ರಾಜ್ಯದ ಫಲಿತಾಂಶ ಬಂದು, ಮುಖ್ಯಮಂತ್ರಿ ಇಬ್ಬರು ಬದಲಾದ ಮೇಲೆ ಅಲ್ಲಿನವರು ಓಟು ಹಾಕಿದ್ರು. ಅಲ್ಲಿ ಯಾರೂ ಯಂತ್ರ ಮುಟ್ಟಿರಲಿಲ್ಲ.

ನಮ್ಮನೇಲೇ ಆದದ್ದು: ಆರ್.ಟಿ. ನಗರದಿಂದ ಯಲಹಂಕಕ್ಕೆ ಮನೆ ಬದಲಾಯಿಸಿದ ಅಕ್ಕನ ಹೆಸರು ಹಳೇ ಪಟ್ಟಿಯಿಂದ ಹೋಗಿತ್ತು, ಹೊಸದಕ್ಕೆ ಬಂದಿರಲಿಲ್ಲ. ಕಾರ್ಡ್ ಕೈಯಲ್ಲೇ ಇತ್ತು. ಒಂದು ಗಂಟೆ ಕ್ಯೂ ನಿಂತು, ಶಾಯಿ ಇಲ್ಲದ ಬೆರಳಿನಲ್ಲಿ ವಾಪಸ್ ಬಂದಳು. ಆ ಚುನಾವಣೆಯಲ್ಲಿ ಬೆಂಗಳೂರು ಉತ್ತರದ ಮತದಾನ ಸುಮಾರು 54 ಪರ್ಸೆಂಟ್. ಬಾರದವರನ್ನೆಲ್ಲ ಸೋಮಾರಿಗಳು ಅಂತ ಬೈಯೋ ಮೀಮ್‌ಗಳಲ್ಲಿ ಅಕ್ಕನೂ ಸೇರಿಹೋದಳು.

ಇನ್ನು ನಮ್ಮ ಪಾಲಿಕೆ. ಯಲಹಂಕ ಮೊದಲು ಬೇರೆ ನಗರಸಭೆ. 2007ರಲ್ಲಿ ಬಿಬಿಎಂಪಿಗೆ ಸೇರಿಸಿದ್ರು, ಚುನಾವಣೆ ನಡೆದದ್ದು 2010ಕ್ಕೆ. ಅದರ ನಂತರದ್ದು 2015ರ ಆಗಸ್ಟ್ 22. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು, ಆಮೇಲೆ ಅಧಿಕಾರಿಗಳದ್ದೇ ಆಡಳಿತ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದ್ವು. ಯಲಹಂಕ, ಹೆಬ್ಬಾಳದವರು ಈಗ ಬೆಂಗಳೂರು ಉತ್ತರ ನಗರ ಪಾಲಿಕೆ. ಅಂದ್ರೆ 1997ರ ಜನವರಿ 1ರ ನಂತರ ಹುಟ್ಟಿದ ಯಾರೂ 2015ರಲ್ಲಿ ಕಾರ್ಪೊರೇಟರ್‌ಗೆ ಓಟು ಹಾಕಿರೋಕೆ ಸಾಧ್ಯ ಇಲ್ಲ. ರಾಜಕಾಲುವೆ ಉಕ್ಕಿ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಯಾರಿಗೆ ಫೋನ್ ಮಾಡ್ತೀರಿ? ನಾವಂತೂ ಟ್ವೀಟ್ ಮಾಡ್ತೀವಿ.

ಪಾಲಿಕೆ ಚುನಾವಣೆ ನಡೆಸೋದು ದೆಹಲಿಯ ಆಯೋಗ ಅಲ್ಲ, ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡ್ ಪಟ್ಟಿ ತಯಾರಾಗೋದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ಹೊಸಬರು ಫಾರಂ 6, ಮನೆ ಬದಲಾಯಿಸಿದವರು ಫಾರಂ 8. ಪಿಜಿಯಲ್ಲಿ ಇರೋರಿಗೂ ಇದು ಅನ್ವಯಿಸುತ್ತೆ.

ಅಕ್ಕನ ಹೆಸರು ಈಗ ಬಂದಿದೆ, ಮೊನ್ನೆ ಚೆಕ್ ಮಾಡಿದ್ವಿ. ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಅದಕ್ಕೂ ಫಾರಂ 8, ಭಾನುವಾರ ಕೂತು ತುಂಬಬೇಕು.